ಬಿಸಿಲಿಗಿಟ್ಟ ಸೆಲ್ಲಿನ ಶ್ರುತಿ

ಗಣೆ ಮಾವ ಹಾಡು ಬಿಟ್ಟಿದ್ದಾನೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಮಧುಗಿರಿಯಲ್ಲಿ, ಕೋರ್ಟಿಗೆ ಬಂದಿದ್ದ ನಮ್ಮೂರಿನವರೊಬ್ಬರಿಂದ. ಅದು ಎಂಬತ್ತರ ದಶಕದ ನಡುಭಾಗ. ನಾನು ಅಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದೆ. ಬೆಟ್ಟದ ನೆರಳು ಬಸ್ ನಿಲ್ದಾಣದವರೆಗೆ ಚಾಚಿದ್ದ ಹೊತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಅದು ಆ ದಿನದ ನೆರಳೋ, ಆಮೇಲಿನ ಇನ್ನಾವುದೋ ದಿನದ್ದೋ ಹೇಳಲಾರೆ. ಅವರಾಡಿದ ಮಾತು ಮಾತ್ರ ಉಳಿದಿದೆ.

"ಗಣೆ ಸೀಳೋಯ್ತು ಕಣಪ್ಪ. ಹೊಸಾವು ಎರಡು ತರ್ಸಿದ್ರು. ಊದ್ತಾನೆ, ಬಾಯಿ ತೆಗೀತಾನೆ, ಗಂಟ್ಲು ಏಳಾಕಿಲ್ಲ. ಈಗ ಯಾರ್ ಕರೆದ್ರೂ ಬರಾಕಿಲ್ಲ ಅಂತಾನೆ."

ಬರಗೂರಿನ ಕಡೆ ನಮ್ಮ ಊರು. ಊರಿನಿಂದ ಎರಡು ಹೊಲ ದಾಟಿದರೆ ಕುರಿ ಸಾಕುವವರ ಹಟ್ಟಿ. ರಾಗಿ ಕೊಯ್ದ ಮೇಲೆ ಅವರ ಕುರಿಮಂದೆ ನಮ್ಮ ಹೊಲದಲ್ಲಿ ರಾತ್ರಿ ಬೀಡುಬಿಡುತ್ತಿತ್ತು. ಹೊಲಕ್ಕೆ ಗೊಬ್ಬರ, ಅವರಿಗೆ ನಮ್ಮ ಮನೆಯಿಂದ ರಾಗಿ. ಹಾಗೆ ಬಂದವನೇ ನನಗೆ ಮಾವನಾದ. ರಕ್ತದ ನಂಟಲ್ಲ, ಹೊಲದ ನಂಟು. ಅವನ ಹೆಗಲ ಮೇಲೆ ಯಾವಾಗಲೂ ಬಟ್ಟೆ ಸುತ್ತಿದ ಗಣೆ. ಗಣೆಯೆಂದರೆ ಎದೆಯೆತ್ತರದ ಬಿದಿರಿನ ಕೊಳಲು, ಸಾಮಾನ್ಯ ಕೊಳಲಿಗಿಂತ ಬಹಳ ತಗ್ಗಿನ ದನಿ. ಒಂದು ಸಾಲು ಊದಿ, ಅದೇ ಶ್ರುತಿ ಹಿಡಿದು ಒಂದು ಸಾಲು ಹಾಡುವುದು ಅವನ ಕ್ರಮ. ಮದುವೆ, ತೊಟ್ಟಿಲು, ದೇವರ ದಿನ, ಎಲ್ಲಕ್ಕೂ ಹಟ್ಟಿಗಳಿಂದ ಕರೆ ಬರುತ್ತಿತ್ತು. ನಲವತ್ತು ವರ್ಷ ಅವನ ಗಂಟಲು ಆ ಒಂದೇ ಬಿದಿರಿನ ಜೊತೆ ಬಾಳಿತ್ತು.

ಮುಂದಿನ ಭಾನುವಾರ ಶಿರಾ ಬಸ್ಸು ಹಿಡಿದು ಹಟ್ಟಿಗೆ ಹೋದೆ. ಮಾವ ಜಗಲಿಯ ಮೇಲೆ ಕೂತು ಉಣ್ಣೆ ದಾರ ನೂಲುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ಕದಿರಿನ ಕಡೆ ತಿರುಗಿದ. ನಡೆದದ್ದನ್ನೆಲ್ಲ ಹೇಳಿದವಳು ಅತ್ತೆ, ಮಾವನ ಹೆಂಡತಿ.

"ಹುಲ್ಲಿನ ಮನೆ ಇದ್ದಾಗ ಒಲೆ ಮ್ಯಾಗಳ ತೊಲೇಲಿ ತೂಗಾಕ್ತಿದ್ದ. ಹೊಗೆ ಕುಡೀತಾ ಇತ್ತು, ಗಟ್ಟಿಗಿತ್ತು. ಈಗ ಚಪ್ಪಡಿ ಮನೆ ಆಯ್ತಲ್ಲ, ಒಲೆ ಅತ್ಲಾಗೆ, ಗಣೆ ಇತ್ಲಾಗೆ. ಹೊಗೆ ಇಲ್ದಲೆ ಹುಳ ಬಿತ್ತು. ನೆಲದ ಮ್ಯಾಗೆ ಹಿಟ್ಟು ಉದುರ್ತಾ ಇತ್ತು, ನಾನು ಗೋಡೆ ಸುಣ್ಣ ಅನ್ಕಂಡು ಗುಡಿಸ್ತಾ ಇದ್ದೆ."

"ಮುರಿದ ಗಣೆ ಎಲ್ಲೈತೆ?" ಎಂದೆ. ಅಳತೆ ತೆಗೆದುಕೊಂಡರೆ ಮುಗಿಯಿತಲ್ಲ ಎಂಬುದು ನನ್ನ ಲೆಕ್ಕ.

ಮಾವ ಈಗ ಬಾಯಿ ಬಿಟ್ಟ. "ಸತ್ತದ್ದನ್ನ ಮನೇಲಿ ಮಡಿಕತಾರೇನ್ಲಾ? ಕೆರೆಗೆ ಬಿಟ್ಟೆ."

ಅವರ ಮನೆಯ ಪದ್ಧತಿ ಅದು. ಉಸಿರು ಹೋದ ಗಣೆಗೆ ಅರಿಸಿನ ಕುಂಕುಮ ಹಚ್ಚಿ, ನೀರಿಗೆ ಬಿಟ್ಟು, ತಿರುಗಿ ನೋಡದೆ ಬರಬೇಕು. ಉದ್ದ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಮಾವ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು "ಇಲ್ಲಿಗೆ ಬರ್ತಿತ್ತು" ಎಂದ. ಅತ್ತೆ "ಇಲ್ಲ, ಇನ್ನೊಸಿ ಮ್ಯಾಕೆ" ಎಂದಳು. ಇಬ್ಬರ ನಡುವೆ ಒಂದು ಗೇಣಿನ ವ್ಯತ್ಯಾಸ.

ಆಗ ನಾನೊಂದು ಮಾತು ಕೊಟ್ಟೆ. ಎಪ್ಪತ್ತರ ದಶಕದ ಕೊನೆಗೆ, ಎಂ.ಎಸ್ಸಿ. ಓದುತ್ತಿದ್ದಾಗ, ಗೆಳೆಯನ ಟೇಪ್ ರೆಕಾರ್ಡರ್ ಕಡ ತಂದು ಇದೇ ಹಟ್ಟಿಯಲ್ಲಿ ಮಾವನ ಹಾಡನ್ನು ತುಂಬಿಕೊಂಡಿದ್ದೆ. ಕ್ಯಾಸೆಟ್ ನನ್ನ ಹತ್ತಿರ ಇತ್ತು. ಬೆಂಗಳೂರಿನಲ್ಲಿ ನನ್ನ ಸಹಪಾಠಿಯೊಬ್ಬಳು ಮಾತಿನ ಧ್ವನಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು, ಅವಳ ವಿಭಾಗದಲ್ಲಿ ಕಂಪ್ಯೂಟರ್ ಇತ್ತು. "ಆ ಟೇಪಿನಿಂದ ನಿನ್ನ ಗಣೆಯ ಶ್ರುತಿ ಎಷ್ಟು ಅಂತ ಲೆಕ್ಕ ತೆಗೆಸ್ತೀನಿ ಮಾವ. ಅದೇ ಲೆಕ್ಕಕ್ಕೆ ಹೊಸದು ಮಾಡಿಸೋಣ."

"ಮಿಷಿನ್ನು ಗಣೆ ಊದ್ತದೇನ್ಲಾ?"

"ಊದಲ್ಲ. ಕೇಳ್ತದೆ."

"ಕೇಳೋಕೆ ಹಟ್ಟಿ ತುಂಬ ಜನ ಅವ್ರೆ ಬುಡು" ಎಂದು ಮತ್ತೆ ಕದಿರು ತಿರುಗಿಸಿದ. ಬೇಡ ಎನ್ನಲಿಲ್ಲ ಎಂಬುದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಆ ಕಂಪ್ಯೂಟರನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಬೀರುವಿನಷ್ಟು ದೊಡ್ಡದು, ಅದಕ್ಕೆ ತಣ್ಣನೆಯ ಕೋಣೆ, ಚಪ್ಪಲಿ ಹೊರಗೆ. ಹಸಿರು ಅಕ್ಷರದ ತೆರೆಯ ಮುಂದೆ ಕೂತು ಒಂದೇ ಒಂದು ಸಾಲು ಟೈಪ್ ಮಾಡಬೇಕು: ಪ್ರೋಗ್ರಾಮಿನ ಹೆಸರು, ಧ್ವನಿಯ ಕಡತದ ಹೆಸರು, ಎಲ್ಲಿಂದ ಎಲ್ಲಿಯವರೆಗೆ ನೋಡಬೇಕು, ಅತಿ ತಗ್ಗಿನ ಶ್ರುತಿ ಎಷ್ಟಿರಬಹುದು, ಅತಿ ಮೇಲಿನದು ಎಷ್ಟು. ಒಂದು ಅಲ್ಪವಿರಾಮ ತಪ್ಪಿದರೂ ಆ ಸಾಲನ್ನು ಮತ್ತೆ ಮೊದಲಿನಿಂದ ಬರೆಯಬೇಕು. ಪ್ರೋಗ್ರಾಮು ಮಾಡುತ್ತಿದ್ದುದು ಸರಳ ಕೆಲಸ. ಧ್ವನಿಯ ಅಲೆಯ ಒಂದು ತುಂಡನ್ನು ಅದರ ಮೇಲೇ ಜಾರಿಸುತ್ತ ಹೋಗಿ, ಎಷ್ಟು ಜಾರಿಸಿದಾಗ ಅದು ತನಗೆ ತಾನೇ ಹೊಂದುತ್ತದೆ ಎಂದು ನೋಡುವುದು. ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೋ ಅದೇ ಶ್ರುತಿ. ಅರ್ಧ ನಿಮಿಷದ ಹಾಡಿಗೆ ಮಧ್ಯಾಹ್ನವಿಡೀ ಬೇಕಾಗುತ್ತಿತ್ತು. ಕೊನೆಗೆ ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದದ ಮೇಲೆ ಅಂಕಿಗಳ ಸಾಲು ಕಟಕಟನೆ ಅಚ್ಚಾಗಿ ಬರುತ್ತಿತ್ತು.

ಮೊದಲ ಸಲ ಬಂದ ಅಂಕಿಗಳು ಗಣೆಯ ಶ್ರುತಿ ಇರಬೇಕಾದದ್ದರ ಅರ್ಧಕ್ಕಿದ್ದವು. "ಕೆಳಗಿನ ಮಿತಿಯನ್ನ ತುಂಬ ಇಳಿಸಿಬಿಟ್ಟಿದೀಯ" ಎಂದಳು ಸಹಪಾಠಿ. "ಎರಡು ಅಲೆ ಸೇರಿಸಿ ಒಂದೇ ಅಂತ ತಿಳ್ಕೊಂಡಿದೆ. ಇದು ಒಳ್ಳೆ ವಿದ್ಯಾರ್ಥಿ ಥರ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ." ನಡುವೆ ಒಂದೆಡೆ ಅಂಕಿ ಇದ್ದಕ್ಕಿದ್ದಂತೆ ನೆಗೆದಿತ್ತು. ಕೇಳಿ ನೋಡಿದರೆ ಅದು ಆಡಿನ ಕೂಗು. ಪ್ರೋಗ್ರಾಮು ಆಡಿನ ಶ್ರುತಿಯನ್ನೂ ಮರ್ಯಾದೆಯಿಂದ ಅಳೆದು ಕೊಟ್ಟಿತ್ತು. ಇಂಥ ಗದ್ದಲವನ್ನೆಲ್ಲ ನಾನು ಕತ್ತರಿಸಿ ತೆಗೆದೆ. ಟೇಪಿನ ಮೊದಲಿಗೂ ಕೊನೆಗೂ ಗಂಟೆ ಬಾರಿಸಿದ ಸದ್ದಿತ್ತು, ಅದನ್ನೂ ತೆಗೆದೆ. ಗಣೆ ಮಾತ್ರ ಉಳಿಯಿತು.

ಅಂಕಿಗಳು ಚೊಕ್ಕವಾಗಿ ಬಂದವು, ಆದರೆ ಒಂದು ಕಡೆ ನಿಲ್ಲಲಿಲ್ಲ. ಹಾಡಿನ ಆರಂಭದಲ್ಲಿ ನೂರ ತೊಂಬತ್ತಾರರ ಆಸುಪಾಸು, ಕೊನೆಯ ಹೊತ್ತಿಗೆ ಇನ್ನೂರ ಆರು. ಅದೇ ಸ್ವರ, ಮೆಲ್ಲಗೆ ಮೇಲೇರಿತ್ತು.

"ಟೇಪು ಸರಿಯಾದ ವೇಗದಲ್ಲಿ ಓಡಿತ್ತು ಅಂತ ಏನು ಖಾತ್ರಿ?" ಎಂದು ಅವಳು ಕೇಳಿದಳು.

ನಾನು ನಕ್ಕೆ. ದೇವರು, ಜ್ಯೋತಿಷ್ಯ, ಮೇಲಿನವರ ಮಾತು, ಯಾವುದನ್ನೂ ಪರೀಕ್ಷಿಸದೆ ಒಪ್ಪುವವನಲ್ಲ ಎಂಬುದು ನನ್ನ ಬಗ್ಗೆ ನನಗಿದ್ದ ಹೆಮ್ಮೆ. ಆದರೆ ಈ ಪ್ರಶ್ನೆಗೆ ಪರೀಕ್ಷೆಯೇ ಬೇಕಿಲ್ಲ ಅನ್ನಿಸಿತು. "ನಾನೇ ಶಿರಾದಲ್ಲಿ ಐದು ಹೊಸ ಸೆಲ್ಲು ಕೊಂಡಿದ್ದೆ. ಅಂಗಡಿಯ ಸಾಬರು ಒಂದೊಂದನ್ನೂ ಬಲ್ಬಿಗೆ ಮುಟ್ಟಿಸಿ ಉರಿಸಿ ತೋರಿಸಿದ್ದರು. ಕಣ್ಣಿಗೆ ಕಟ್ಟಿದ ಹಾಗಿದೆ." ಶ್ರುತಿ ಏರಿದ್ದಕ್ಕೆ ವಿಜ್ಞಾನದ ಕಾರಣವೂ ನನ್ನಲ್ಲಿತ್ತು. ಊದುತ್ತ ಹೋದಂತೆ ಕೊಳಲಿನೊಳಗಿನ ಗಾಳಿ ಬೆಚ್ಚಗಾಗುತ್ತದೆ, ಬೆಚ್ಚಗಾದರೆ ಶ್ರುತಿ ಏರುತ್ತದೆ. ಪುಸ್ತಕದಲ್ಲಿದೆ. ಎರಡರ ಸರಾಸರಿ ತೆಗೆದು ಇನ್ನೂರ ಒಂದು ಎಂದು ಬರೆದುಕೊಂಡು, ಅದಕ್ಕೆ ತಕ್ಕ ಬಿದಿರಿನ ಉದ್ದವನ್ನೂ ಲೆಕ್ಕ ಹಾಕಿದೆ. ಅವಳು ಕಾಗದ ಮಡಿಸಿಕೊಟ್ಟಳು.

ಗಣೆ ಮಾಡುವವರು ಕಡಿಮೆ. ಪಾವಗಡದ ಆಚೆ, ಆಂಧ್ರದ ಗಡಿಗೆ ಹತ್ತಿಕೊಂಡ ಹಳ್ಳಿಯಲ್ಲಿ ಒಬ್ಬಾತ ಇದ್ದ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಗೆಣ್ಣು ದೂರದೂರ ಇರುವ, ಗಣೆಗೆ ಒಗ್ಗುವ ಬಿದಿರು ಅಲ್ಲಿ ಸಿಗುವುದಿಲ್ಲವೆಂದು ಕೊರಟಗೆರೆಯ ಬುಟ್ಟಿ ಹೆಣೆಯುವವರಿಂದ ಎರಡು ಗಳ ತೆಗೆದುಕೊಂಡು, ಬಸ್ಸಿನ ಮೇಲೆ ಕಟ್ಟಿಸಿ, ಅವನ ಮನೆಗೆ ಹೋದೆ. ನನ್ನ ಲೆಕ್ಕದ ಚೀಟಿಯನ್ನು ಅವನು ಉಲ್ಟಾ ಹಿಡಿದು ನೋಡಿ ವಾಪಸು ಕೊಟ್ಟ.

"ಮನುಷಿ ಎಲ್ಲಿ ಮೇಷ್ಟ್ರೇ? ಊದೋ ಮನುಷಿ?"

"ಅವನು ಬಂದಿಲ್ಲ. ಲೆಕ್ಕ ಇದೆಯಲ್ಲ."

"ಸರೇ. ನಾನ್ ಕೊಯ್ತೀನಿ. ಕಾನೀ ಕೊಯ್ದಿದ್ದು ಮಳ್ಳಾ ಅಂಟ್ಸೋಕಾಗಲ್ಲ, ಗುರ್ತು ಪೆಟ್ಟುಕೋ."

ಕೊಯ್ದ ಮೇಲೆ ಮತ್ತೆ ಅಂಟಿಸಲಾಗದು, ನೆನಪಿಟ್ಟುಕೋ ಎಂದು ಎಚ್ಚರಿಸಿಯೇ, ನಾನು ಹೇಳಿದ ಉದ್ದಕ್ಕೆ ಕೊಯ್ದು, ಗೆಣ್ಣಿನ ಒಳಗಿನ ತಡೆ ತೆಗೆದು, ಕೆಂಪಗೆ ಕಾದ ಕಬ್ಬಿಣದ ಸರಳಿನಿಂದ ತೂತು ಸುಟ್ಟು ಕೊಟ್ಟ. ಕೆಲಸ ನೋಡಲು ಚೆನ್ನಾಗಿತ್ತು.

ಹಟ್ಟಿಗೆ ತಂದುಕೊಟ್ಟಾಗ ಮಾವ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಗೂಡಿನ ದೇವರ ಮುಂದೆ ತೂಗುವ ಪುಟ್ಟ ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿ ಊದಿದ. ಹಾಡಲು ಬಾಯಿ ತೆರೆದ. ದನಿ ಅರ್ಧಕ್ಕೆ ಹೋಗಿ ಸೀಳಿತು. ಇನ್ನೊಮ್ಮೆ ಊದಿದ, ಇನ್ನೊಮ್ಮೆ ಸೀಳಿತು. ಮೂರನೆಯ ಸಲ ಅವನು ಬಾಯಿ ತೆರೆಯಲಿಲ್ಲ. ಗಣೆಯನ್ನು ಗೋಡೆಗೊರಗಿಸಿ, ಕದಿರು ಕೈಗೆತ್ತಿಕೊಂಡು, "ಕೆಲಸ ಚೆಂದಾಗೈತೆ ಕಣ್ಲಾ. ನನ್ನ ಗಂಟ್ಲು ಕೆಟ್ಟೈತೆ, ಅದ್ಯಾಕೆ ನೀನು ಒದ್ದಾಡ್ತೀಯ" ಎಂದ.

ಅವನು ಬೈದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ತಪ್ಪು ನನ್ನ ಲೆಕ್ಕದ್ದಲ್ಲ ಎಂದು ತೋರಿಸುವ ಆತುರದಲ್ಲಿ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಹಳೆಯ ಕ್ಯಾಸೆಟ್ ಹಾಕಿದೆ. ಮಾವ ಅದನ್ನು ಆವರೆಗೆ ಕೇಳಿರಲಿಲ್ಲ. ಅಷ್ಟು ವರ್ಷ ಅದನ್ನು ನನ್ನ ಟ್ರಂಕಿನಲ್ಲೇ ಇಟ್ಟುಕೊಂಡಿದ್ದೆ ಎಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಗುಂಡಿ ಒತ್ತಿದೆ. ಮೊದಲು ಗಂಟೆಯ ಸದ್ದು. ಮಾವ ಕದಿರು ನಿಲ್ಲಿಸಿದ.

"ಇದು ಯಾರ ಮನೇದ್ಲಾ?"

"ನಿಮ್ಮನೇದೇ."

"ನಮ್ ಗಂಟೆ ಅಲ್ಲ ಇದು." ಎದ್ದು ಹೋಗಿ ಗೂಡಿನ ಮುಂದಿನ ಗಂಟೆಯನ್ನು ಹೊಡೆದ. "ನೋಡು, ಇದು ನಮ್ದು. ನಿನ್ ಡಬ್ಬಿಯೊಳಗಿಂದು ಕೀಚ್ಲು. ಗಣೆನೂ ಕೀಚ್ಲು. ಹಾಡ್ತಿರೋನು ನಾನಲ್ಲ, ನನ್ ತಮ್ಮ ಇದ್ದಂಗವ್ನೆ!" ಅವನಿಗೆ ಸಿಟ್ಟು ಬಂದಿತ್ತು. ನಾನು ಹೋದ ಎರಡು ಸಲವೂ ಕಾಣದಿದ್ದ ಜೀವ ಆ ಸಿಟ್ಟಿನಲ್ಲಿತ್ತು. ಹಾಡು ಮುಗಿದು ಕೊನೆಯ ಗಂಟೆ ಬಂದಾಗ, "ಕೇಳ್ಲಾ, ಈಗ ಇನ್ನೂ ಕೀಚ್ಲಾಯ್ತು!" ಎಂದು ಅತ್ತೆಯ ಕಡೆ ತಿರುಗಿದ.

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಸೆಲ್ಲು ಕಣಪ್ಪ. ಅವತ್ತು ನಿನ್ ಸೆಲ್ಲು ಇಲ್ಲಿಗೆ ಬರೋ ಹೊತ್ಗೇ ಸತ್ತೋಗಿದ್ವು. ದಾರೀನಾಗೆಲ್ಲ ಹಾಡು ಕೇಳ್ಕಂಡ್ ಬಂದಿದ್ದೆ. ಮಕ ಸಣ್ಣಗ್ ಮಾಡ್ಕಂಡ್ ಕುಂತಿದ್ದೆ ಅಂತ ನಾನೇ ನಮ್ ಬ್ಯಾಟ್ರಿ ಸೆಲ್ಲು ಕೊಟ್ಟೆ. ಬಂಡೆ ಮ್ಯಾಗೆ ಬಿಸಿಲಿಗೆ ಮಡಗಿದ್ನಲ್ಲ, ಅವ್ನ."

ಟಾರ್ಚಿನ ಸೆಲ್ಲು ಸತ್ತರೆ ನಮ್ಮ ಕಡೆ ಯಾರೂ ಎಸೆಯುತ್ತಿರಲಿಲ್ಲ. ಎರಡು ದಿನ ಬಿಸಿಲಿಗೆ ಒಣಗಿಸಿದರೆ ಇನ್ನೊಂದು ವಾರ ಮಿಣುಮಿಣು ಎನ್ನುತ್ತದೆ. ಅಂಥ ಸೆಲ್ಲು ಮೊದಲು ಸ್ವಲ್ಪ ದಮ್ಮು ತೋರಿಸಿ ಮೆಲ್ಲಗೆ ಕುಗ್ಗುತ್ತದೆ. ಸೆಲ್ಲು ಕುಗ್ಗಿದಂತೆ ಟೇಪು ನಿಧಾನವಾಗಿ ಓಡುತ್ತದೆ. ನಿಧಾನವಾಗಿ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಎಲ್ಲವೂ ಚುರುಕಾಗಿ, ಎತ್ತರದ ಶ್ರುತಿಯಲ್ಲಿ ಕೇಳಿಸುತ್ತದೆ, ಹಾಡು ಸಾಗಿದಂತೆ ಇನ್ನಷ್ಟು ಎತ್ತರ. ನೂರ ತೊಂಬತ್ತಾರು ಇನ್ನೂರ ಆರಕ್ಕೆ ಏರಿದ್ದು ಮಾವನ ಬಿಸಿಯುಸಿರಿನಿಂದಲ್ಲ.

ಹಾಗಾದರೆ ಶಿರಾದ ಅಂಗಡಿ, ಸಾಬರ ಬಲ್ಬು, ಐದು ಹೊಸ ಸೆಲ್ಲು? ಬೇರೆ ಯಾವಾಗಲೋ ಕೊಂಡಿರಬಹುದು. ಅಥವಾ ಅವನ್ನೇ ಕೊಂಡು, ಬಸ್ಸಿನಲ್ಲಿ ಹಾಡು ಕೇಳುತ್ತ ಮುಗಿಸಿರಬಹುದು. ಅತ್ತೆ ಸೆಲ್ಲು ಕೊಟ್ಟದ್ದು ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ. ಅವಳು ಮಾಡಿದ ಉಪಕಾರ ಅಳಿಸಿಹೋಗಿ, ನಾನು ಮಾಡಿದ ಖರೀದಿ ಮಾತ್ರ ಉಳಿದಿತ್ತು. ಯಂತ್ರದ ಮುಂದೆ ಕೂತು ಗಂಟೆಯನ್ನು ಗದ್ದಲವೆಂದು ಕತ್ತರಿಸಿದವನೂ ನಾನೇ.

ಮುಂದಿನ ವಾರ ಕಾಲೇಜಿನ ಪ್ರಯೋಗಾಲಯದಿಂದ ಒಂದು ಟ್ಯೂನಿಂಗ್ ಫೋರ್ಕ್ ತೆಗೆದುಕೊಂಡು ಹೋದೆ. ಬಡಿದರೆ ಯಾವಾಗಲೂ ಒಂದೇ ಶ್ರುತಿ ಹೊರಡಿಸುವ ಉಕ್ಕಿನ ಕವಲು ಅದು, ಎಷ್ಟೆಂಬ ಅಂಕಿ ಅದರ ಮೇಲೇ ಕೊರೆದಿರುತ್ತದೆ. ಈ ಸಲ ಸೆಲ್ಲು ಕೊಂಡ ರಸೀದಿಯನ್ನೂ ಜೇಬಿನಲ್ಲಿಟ್ಟುಕೊಂಡೆ. ಗಂಟೆಯನ್ನು ಗೂಡಿನಿಂದ ಕೆಳಗಿಳಿಸುವಂತಿರಲಿಲ್ಲ. ಹಾಗಾಗಿ ಅಲ್ಲೇ ನಿಂತು ಮೊದಲು ಕವಲನ್ನು ಬಡಿದು, ಆಮೇಲೆ ಮಾವನಿಂದ ಗಂಟೆ ಬಾರಿಸಿಸಿ ತುಂಬಿಕೊಂಡೆ. ಕವಲಿನ ಅಂಕಿ ಸರಿ ಬಂದರೆ ಹೊಸ ಟೇಪಿನ ವೇಗ ಸರಿ. ವೇಗ ಸರಿಯಿದ್ದರೆ ಗಂಟೆಯ ಅಂಕಿಯೂ ಸರಿ. ಮಾವ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು, "ಇನ್ನೊಂದ್ ಕಿತ ಹೊಡೀಲಾ?" ಎಂದು ಏಳೆಂಟು ಸಲ ಹೊಡೆದ.

ಬೆಂಗಳೂರಿನಲ್ಲಿ ಸಹಪಾಠಿ "ನಾನು ಆವಾಗಲೇ ಕೇಳಿದ್ದೆ" ಎನ್ನಲಿಲ್ಲ. ಅದಕ್ಕಾಗಿ ಅವಳಿಗೆ ಇಂದಿಗೂ ಋಣಿ. ಗಂಟೆಯ ನಾದ ಕೊಟ್ಟಾಗ ಪ್ರೋಗ್ರಾಮು ತಡವರಿಸಿ ನಂಬಲಾಗದ ಅಂಕಿ ಕೊಟ್ಟಿತು. ನಾನು ಕುಗ್ಗಿದೆ. ಅವಳು ಹೇಳಿದಳು: "ಗಂಟೇಲಿ ಹತ್ತಾರು ನಾದ ಸೇರಿರುತ್ತೆ, ಅದಕ್ಕೆ ಇದು ತಪ್ಪು ಹೇಳುತ್ತೆ. ಹೇಳಲಿ ಬಿಡು. ಅದೇ ಗಂಟೆಗೆ ಹೊಸ ಟೇಪಲ್ಲೂ ಹಳೇ ಟೇಪಲ್ಲೂ ಅದೇ ತಪ್ಪನ್ನೇ ಹೇಳಬೇಕಲ್ಲ. ನಮಗೆ ಬೇಕಾಗಿರೋದು ಎರಡರ ಅನುಪಾತ." ಆ ಒಂದು ಸಾಲನ್ನು ಅವಳೇ ಮೂರು ಸಲ ಟೈಪ್ ಮಾಡಿದಳು: ಹಳೆಯ ಟೇಪಿನ ಮೊದಲ ಗಂಟೆ, ಕೊನೆಯ ಗಂಟೆ, ಹೊಸ ಗಂಟೆ. ಮೊದಲಿನ ಅನುಪಾತದಿಂದ ನೂರ ತೊಂಬತ್ತಾರನ್ನೂ ಕೊನೆಯದರಿಂದ ಇನ್ನೂರ ಆರನ್ನೂ ತಿದ್ದಿದಾಗ ಎರಡೂ ಒಂದೇ ಅಂಕಿಗೆ ಬಂದು ಕೂತವು. ನೂರ ತೊಂಬತ್ತು. ನನ್ನ ಇನ್ನೂರ ಒಂದಕ್ಕಿಂತ ಹಾರ್ಮೋನಿಯಂನಲ್ಲಿ ಒಂದು ಮನೆಯಷ್ಟು ಕೆಳಗೆ. ನಾನು ಮಾಡಿಸಿದ ಗಣೆ ಮೂರು ಬೆರಳು ಗಿಡ್ಡ.

ಪಾವಗಡದವನಿಗೆ ಹೇಳಲು ಹೋದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಂಪ್ಯೂಟ್ರು ಹೇಳಿದ್ರೆ ಬಿದಿರು ಬೆಳೀತದಾ ಸಾಮೀ? ಮಳ್ಳಾ ಲೆಕ್ಕ ತಂದಿದೀರಾ? ಈ ಸಾರಿ ನಾನೇ ಬರ್ತೀನಿ. ಆ ಮನುಷಿ ಮುಂದೆ ಕೂತು ಕೊಯ್ತೀನಿ." ಉಳಿದಿದ್ದ ಇನ್ನೊಂದು ಗಳ, ಗರಗಸ, ಸರಳು ಎಲ್ಲ ಕಟ್ಟಿಕೊಂಡು ನನ್ನ ಜೊತೆ ಹೊರಟೇಬಿಟ್ಟ. ಕೂಲಿಯ ಮಾತೇ ಎತ್ತಲಿಲ್ಲ.

ಹಟ್ಟಿಯಲ್ಲಿ ಬೆಳಗಿನ ಹೊತ್ತು. ಪಾವಗಡದವನು ನನ್ನ ಲೆಕ್ಕದ ಉದ್ದವನ್ನು ಬಿದಿರಿನ ಮೇಲೆ ಗೆರೆ ಎಳೆದು ಗುರುತು ಮಾಡಿ, ಅದರಾಚೆ ನಾಲ್ಕು ಬೆರಳು ಉದ್ದ ಬಿಟ್ಟು ಕೊಯ್ದ. ತೂತು ಇನ್ನೂ ಸುಟ್ಟಿರಲಿಲ್ಲ, ಊದುವ ಕಡೆ ಮಾತ್ರ ಸಿದ್ಧ. ಮಾವ ಊದಿದ, ಒಂದು ಸಾಲು ಹಾಡಿದ, ತಲೆಯಾಡಿಸಿದ. ದನಿ ತೀರ ತಗ್ಗು. ಅವನು ಅರ್ಧ ಬೆರಳು ಕೊಯ್ದ. ಮಾವ ಮತ್ತೆ ಊದಿದ. ಹೀಗೆ ಕೊಯ್ಯುತ್ತ, ಊದುತ್ತ, ಗೆರೆಗೆ ಇನ್ನೊಂದು ಬೆರಳು ಉಳಿದಿದ್ದಾಗ ಮಾವ ಊದಿ, ಬಾಯಿ ತೆರೆದು, ಒಂದು ಸಾಲು ಪೂರ್ತಿ ಹಾಡಿ, ಕಣ್ಣು ಮುಚ್ಚಿಕೊಂಡು ಕೂತ. ಗರಗಸ ಎತ್ತಿದ್ದ ಪಾವಗಡದವನ ಕೈಯನ್ನು ಹಿಡಿದುಕೊಂಡ.

"ಇನ್ನೂ ಒಂದು ಬೆರಳು ಬಾಕಿ ಐತೆ ಮಾವ" ಎಂದೆ. "ಲೆಕ್ಕ ಈ ಸಲ ಸರಿ ಇದೆ. ಎರಡು ಕಡೆಯಿಂದ ತಾಳೆ ನೋಡಿದೀವಿ."

"ನಿನ್ ಲೆಕ್ಕ ಸರಿ ಕಣ್ಲಾ, ಯಾರ್ ಇಲ್ಲ ಅಂದ್ರು? ಅದು ಅವತ್ತಿನ ಗಂಟ್ಲು. ಈಗಿಂದು ಇಲ್ಲಿಗೆ ಬಂದ್ಬುಟ್ಟೈತೆ. ಇಲ್ಲೇ ಇರ್ಲಿ ಬುಡು."

ಮೊದಲೇ ಉದ್ದ ಬಿಟ್ಟು ಇಷ್ಟಿಷ್ಟೇ ಕೊಯ್ದಿದ್ದರೆ ಕಂಪ್ಯೂಟರೂ ಬೇಕಿರಲಿಲ್ಲ, ಬೆಂಗಳೂರೂ ಬೇಕಿರಲಿಲ್ಲವಲ್ಲ ಎಂದು ಓದುವವರು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಟಲು ಕೆಟ್ಟಿತೆಂದು ಕೈಚೆಲ್ಲಿ ಕೂತಿದ್ದವನನ್ನು ಎಬ್ಬಿಸಿದ್ದು ಆ ತಪ್ಪು ಟೇಪಿನ ಮೇಲೆ ಅವನಿಗೆ ಬಂದ ಸಿಟ್ಟು ಎಂದು ನನ್ನ ಊಹೆ. ಆ ಸಿಟ್ಟಿಗೆ ನನ್ನ ಪೆದ್ದುತನವೂ ಒಂದಿಷ್ಟು ಉಪಯೋಗಕ್ಕೆ ಬಂತು. ಇದೂ ನನಗೆ ಸಮಾಧಾನವಾಗುವಂತೆ ನೆನಪು ಹೊಲಿದುಕೊಂಡದ್ದೇ ಇರಬಹುದು.

ತೂತು ಸುಟ್ಟು ಮುಗಿಯುವ ಹೊತ್ತಿಗೆ ಮುಂದಿನ ಮನೆಗಳವರು ಬಂದು ಕೂತಿದ್ದರು. ಮಾವ ಗಂಟೆ ಬಾರಿಸಿ ಶುರು ಮಾಡಿದ. ಮೊದಮೊದಲು ದನಿ ಅಂಜುತ್ತ ಏಳುತ್ತಿತ್ತು, ನಾಲ್ಕನೆಯ ಸಾಲಿಗೆ ಅಂಜಿಕೆ ಹೋಯಿತು. ಪಾವಗಡದವನು ತೊಡೆ ತಟ್ಟುತ್ತ, ಅರ್ಥವಾದದ್ದಕ್ಕೂ ಆಗದ್ದಕ್ಕೂ "ಆಹಾ" ಎನ್ನುತ್ತಿದ್ದ. ಬಿಸಿಲು ಜಗಲಿಗೆ ಏರಿತು. ದೊಡ್ಡಿಯಲ್ಲಿ ಕುರಿಗಳು ಅರಚುತ್ತಿದ್ದವು, ಯಾರೂ ಏಳಲಿಲ್ಲ.

ಕೊನೆಗೆ ಅತ್ತೆಯೇ ದೊಡ್ಡಿಯ ಬೇಲಿ ತೆಗೆಯಲು ಎದ್ದಳು. ಗಣೆ ಇಳಿಸಲು ಹೋದ ಮಾವನಿಗೆ ಹೋಗುತ್ತ ಹೋಗುತ್ತಲೇ ಹೇಳಿದಳು:

"ನೀನ್ ಹಾಡು. ಇವತ್ತು ಕುರಿ ನಾನ್ ಹೊಡ್ಕಂಡೋಯ್ತೀನಿ."